ಕಾಯಿ ಒಗ್ಗದ ಅಪ್ಪ

ಮೊನ್ನೆ ಮೊಮ್ಮಗಳ ಶಾಲೆಯಿಂದ ಒಂದು ಫಾರಂ ಬಂತು. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ಆದ ಮೇಲೆ ‘ಮಗುವಿಗೆ ಯಾವುದಾದರೂ ಪದಾರ್ಥದ ಅಲರ್ಜಿ ಇದೆಯೇ? ವಿವರಿಸಿ’ ಎಂದು ಕೇಳಿ ನಾಲ್ಕು ಗೆರೆ ಬಿಟ್ಟಿದ್ದರು. ಮಗಳು ‘ಇಲ್ಲ’ ಎಂದು ಬರೆದು ಮುಗಿಸಿದಳು. ಮೊಮ್ಮಗಳ ಮುಖ ಸಣ್ಣದಾಯಿತು. ಅವಳ ಪಕ್ಕ ಕೂರುವ ಹುಡುಗಿಗೆ ಕಡಲೆಕಾಯಿ ಆಗುವುದಿಲ್ಲವಂತೆ, ಹಿಂದಿನ ಬೆಂಚಿನವಳಿಗೆ ಮೊಟ್ಟೆ ಆಗುವುದಿಲ್ಲವಂತೆ, ತನಗೆ ಮಾತ್ರ ಹೇಳಿಕೊಳ್ಳಲು ಏನೂ ಇಲ್ಲವಂತೆ. “ಹಾಗಲಕಾಯಿ ಅಂತ ಬರಿಯಮ್ಮ” ಎಂದು ಗೋಗರೆದಳು. ಮಗಳು ಗದರಿ ಫಾರಂ ಮಡಿಸಿ ಚೀಲಕ್ಕೆ ಹಾಕಿದಳು. ಆ ಖಾಲಿ ಗೆರೆಗಳನ್ನು ನೋಡಿದ ನನಗೆ ಮಾತ್ರ ಅವನ್ನು ತುಂಬಿಸಬೇಕೆಂಬ ಚಪಲ ಹುಟ್ಟಿತು. ನಮ್ಮ ಅಪ್ಪನ ಕಥೆ ಬರೆಯಲು ಹೋಗಿದ್ದರೆ ನಾಲ್ಕು ಗೆರೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ನಮ್ಮೂರಿನಲ್ಲಿ ಆಗ ಅಲರ್ಜಿ ಯಾರಿಗೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಆ ಪದವೇ ಇನ್ನೂ ತಿಪಟೂರು ದಾಟಿ ಬಂದಿರಲಿಲ್ಲ. ನಮಗೆ ಇದ್ದದ್ದು ‘ಒಗ್ಗಲ್ಲ’ ಎಂಬ ಒಂದು ಮಾತು. ಅಜ್ಜಿಗೆ ಬದನೆಕಾಯಿ ಒಗ್ಗುತ್ತಿರಲಿಲ್ಲ. ಅವ್ವನಿಗೆ ಬಸ್ಸಿನ ಹೊಗೆ ಒಗ್ಗುತ್ತಿರಲಿಲ್ಲ. ಪಕ್ಕದ ಮನೆಯ ಸೊಸೆಗೆ ಅತ್ತೆ ಒಗ್ಗುತ್ತಿರಲಿಲ್ಲ, ನನಗೆ ಗಣಿತ. ಒಗ್ಗದ್ದನ್ನು ಬಿಟ್ಟು ಬಾಳುವುದು, ಬಿಡಲಾಗದಿದ್ದರೆ ಕೆರೆದುಕೊಂಡು ಬಾಳುವುದು, ಇಷ್ಟೇ ವೈದ್ಯ. ವರ್ಷಕ್ಕೊಮ್ಮೆ ಅಟ್ಟದ ಮೇಲಿಂದ ಒಣಗಿದ ತೆಂಗಿನಕಾಯಿ ಕೆಳಗಿಳಿಸುವಾಗ ಆ ಧೂಳಿಗೆ ನಾನು ಇಪ್ಪತ್ತು ಮೂವತ್ತು ಸಲ ಸೀನುತ್ತಿದ್ದೆ. ಅದಕ್ಕೂ ಔಷಧಿ ಇರಲಿಲ್ಲ. ಅಜ್ಜಿ ಬೆರಳು ಮಡಿಸುತ್ತ ಎಣಿಸುತ್ತಿದ್ದಳು, ಅಷ್ಟೆ. ಲೆಕ್ಕ ಒಂಟಿಗೆ ನಿಂತರೆ ಅಪಶಕುನ, ಯಾರೂ ಹೊಸಿಲು ದಾಟುವಂತಿಲ್ಲ. ಗಾಡಿ ಕಟ್ಟಿ ನಿಂತ ಅಪ್ಪ ಬಾಗಿಲಲ್ಲಿ ಮೂಗರಳಿಸಿಕೊಂಡು ಕಾಯುತ್ತಿದ್ದರೆ ಅಜ್ಜಿ ನನ್ನ ಮೂಗಿನ ಹತ್ತಿರ ತನ್ನ ನಶ್ಯದ ಡಬ್ಬಿ ಹಿಡಿದು, “ಇನ್ನೊಂದ್ ಸೀನ್ಬುಡು ಮಗ, ನಿಮ್ಮಪ್ಪಂಗೆ ಹೊತ್ತಾಯ್ತು” ಅನ್ನುತ್ತಿದ್ದಳು. ಮನೆಗೆ ನನ್ನಿಂದ ಆದ ಉಪಕಾರಗಳಲ್ಲಿ ಇದೇ ದೊಡ್ಡದು.

ಅಪ್ಪನ ಹೆಸರು ಗಂಗಾಧರಯ್ಯ. ಹೊನ್ನವಳ್ಳಿಯಿಂದ ಎರಡು ಮೈಲಿ ಒಳಗೆ ನಮ್ಮೂರು. ನೂರಿಪ್ಪತ್ತು ಮರದ ತೋಟ. ಅಷ್ಟು ಮರ ಸುತ್ತಮುತ್ತ ಎಲ್ಲರಿಗೂ ಇದ್ದವು. ಅಪ್ಪನಿಗೆ ಮಾತ್ರ ಇದ್ದದ್ದು ನಾಲಿಗೆ. ಯಾವುದೇ ಕಾಯಿಯ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಗಿದು, ಅದು ತೋಟದ ಯಾವ ಮರದ್ದು ಎಂದು ಹೇಳಿಬಿಡುತ್ತಿದ್ದ. ಮರಗಳಿಗೆಲ್ಲ ಹೆಸರಿತ್ತು. ಬಾವಿ ಮರ, ಬೇಲಿ ಮರ, ತಿಪ್ಪೆ ಮರ, ಸೊಟ್ಟ ಮರ. ಸಿಡಿಲು ಹೊಡೆದರೂ ಸಾಯದೆ ನಿಂತ ಒಂದಕ್ಕೆ ಮೊಂಡಯ್ಯ ಎಂದು ಹೆಸರು. “ಇದು ತಿಪ್ಪೆ ಮರದ್ದು. ಎಣ್ಣೆ ಜಾಸ್ತಿ, ಸಿಹಿ ಕಮ್ಮಿ” ಎಂದು ಅಪ್ಪ ತೀರ್ಪು ಕೊಟ್ಟರೆ ಜಗಲಿಯ ಮೇಲೆ ಕೂತವರು ತಲೆದೂಗುತ್ತಿದ್ದರು. ದೂರದ ಊರಿನವರೂ ಅಪ್ಪನನ್ನು ಪಂಚಾಯ್ತಿಗೆ ಕರೆದು, ಬೇಲಿಯಾಚೆ ಬಿದ್ದ ಕಾಯಿ ಯಾರದೆಂದು ಕೇಳಿದ್ದುಂಟು. ಅಜ್ಜಿ ಒಬ್ಬಳೇ ನಂಬುತ್ತಿರಲಿಲ್ಲ. “ಸರಿನೋ ತಪ್ಪೋ ಯಾರ್ ಹೇಳ್ಬೇಕು? ಮರನೇ ಬಂದ್ ಸಾಕ್ಷಿ ನುಡೀಬೇಕು ಕಣೇ” ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ನಾನು ಎಂಟನೇ ತರಗತಿಯಲ್ಲಿದ್ದಾಗ ಅಪ್ಪನ ಮೈಮೇಲೆ ಗಂಧೆ ಏಳಲು ಶುರುವಾಯಿತು. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಕತ್ತು, ತೋಳು, ಬೆನ್ನ ಮೇಲೆಲ್ಲ ನಾಲ್ಕಾಣೆ ಎಂಟಾಣೆ ಅಗಲದ ದಪ್ಪ ಕೆಂಪು ಬಿಲ್ಲೆಗಳು. ಅಪ್ಪ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜಿಕೊಳ್ಳುತ್ತಿದ್ದ. ಎರಡು ತಾಸಿಗೆಲ್ಲ ಅವು ಮಾಯ.

ಅಜ್ಜಿ ಮೊದಲು ದೃಷ್ಟಿ ತೆಗೆದಳು. ಆಮೇಲೆ ಪಿತ್ತ ಎಂದಳು. ಪಿತ್ತದ ಗಂಧೆಗೆ ಕಂಬಳಿಯೇ ಮದ್ದು. ಹುಳಿಯಾರು ಕಡೆಯಿಂದ ಕುರಿ ತರುತ್ತಿದ್ದವರು ನೇಯ್ದ ಒಂದು ಕರಿ ಕಂಬಳಿ ಮನೆಯಲ್ಲಿತ್ತು. ಬೇಸಿಗೆಯ ಮಧ್ಯಾಹ್ನ ಅಪ್ಪನನ್ನು ಅದರಲ್ಲಿ ಸುತ್ತಿ, ಅಜ್ಜಿ ಮೇಲಿಂದ ಉಜ್ಜಿದಳು. ಬಿಚ್ಚಿದಾಗ ಗಂಧೆಗಳು ಇದ್ದ ಹಾಗೇ ಇದ್ದವು, ಅವುಗಳ ನಡುವೆ ಖಾಲಿ ಉಳಿದಿದ್ದ ಜಾಗವೂ ಕೆಂಪಾಗಿತ್ತು. ಬಳಿಕ ಮನೆಯಿಂದ ಒಂದೊಂದೇ ಹೊರಗೆ ಹೋದವು. ಬದನೆಕಾಯಿ ಹೋಯಿತು, ಅಣಬೆ ಹೋಯಿತು, ಬೆಕ್ಕು ಹೋಯಿತು. ಮದುವೆಯೊಂದಕ್ಕೆ ಹೊಲಿಸಿದ್ದ ಟೆರಿಲಿನ್ ಅಂಗಿ ಹೋಯಿತು. ಬೆಕ್ಕು ಮಾರನೆಯ ದಿನ ವಾಪಸ್ ಬಂತು. ಗಂಧೆಯೂ ಬಂತು.

ಕಡೆಗೆ ಅವ್ವ ಹಟ ಹಿಡಿದು ಅಪ್ಪನನ್ನು ತಿಪಟೂರಿನ ಡಾಕ್ಟರ ಹತ್ತಿರ ಕಳಿಸಿದಳು. ಬಸ್ಸು ಅವಳಿಗೆ ಒಗ್ಗದ ಕಾರಣ ಜೊತೆಗೆ ನಾನು. ಡಾಕ್ಟರು ಶಾಂತ ಸ್ವಭಾವದ ವಯಸ್ಸಾದವರು. ಅಪ್ಪನ ತೋಳಿನ ಮೇಲೆ ಬೆರಳಿನ ಉಗುರಿನಿಂದ ಒಂದು ಗೆರೆ ಎಳೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಓದ್ತೀಯಾ ಮರಿ? ಒಂದು ನೋಟ್‌ಬುಕ್ ಇಡು. ಅಪ್ಪ ಏನೇನು ತಿಂದ್ರು, ಎಷ್ಟು ಹೊತ್ತಿಗೆ ಗಂಧೆ ಬಂತು, ಎಲ್ಲಾ ಬರಿ” ಎಂದರು.

ಗಣಿತ ಒಗ್ಗದ ನನಗೆ ಇಂಥ ಗೌರವ ಯಾರೂ ಕೊಟ್ಟಿರಲಿಲ್ಲ. ಹೊಸ ನೋಟ್‌ಬುಕ್ಕಿನ ಮೇಲೆ ದಪ್ಪ ಅಕ್ಷರದಲ್ಲಿ ‘ಅಪ್ಪನ ಗಂಧೆ’ ಎಂದು ಬರೆದೆ. ಊಟವಾದ ಕೂಡಲೇ ಅಪ್ಪನ ಅಂಗಿ ಬಿಚ್ಚಿಸಿ ಎಣಿಸುತ್ತಿದ್ದೆ. ‘ಸೋಮವಾರ: ಮುದ್ದೆ, ಹುರುಳಿಕಾಳು ಸಾರು, ಬೆನ್ನು ಹನ್ನೊಂದು, ಕತ್ತು ಮೂರು. ಮಂಗಳವಾರ: ಚಿತ್ರಾನ್ನ, ಬೆನ್ನು ಒಂಬತ್ತು.’ ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸಿ ಲೆಕ್ಕ ತಪ್ಪುತ್ತಿದ್ದುದರಿಂದ, ಎಣಿಸಿದ ಪ್ರತಿ ಗಂಧೆಯ ಸುತ್ತ ನೇರಳೆ ಬಣ್ಣದ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಸುತ್ತತೊಡಗಿದೆ. ಆ ಪೆನ್ಸಿಲ್ಲು ನೀರು ತಾಗಿದರೆ ಇನ್ನೂ ಕಡು ಬಣ್ಣ ಬಿಡುವಂಥದ್ದು. ಬೆವರಿದ ಅಪ್ಪ ಸೊಸೈಟಿಯ ಸಭೆಗೆ ಹೋಗಿ ಕೂತಾಗ ಕತ್ತಿನ ಮೇಲೆ ಮೂರು ನೇರಳೆ ಸೊನ್ನೆಗಳು ಎದ್ದು ಕಾಣುತ್ತಿದ್ದವಂತೆ. ಯಾರೋ ಕೇಳಿದ್ದಕ್ಕೆ ಅಪ್ಪ, “ಮಗಳು ಪರೀಕ್ಷೆಗೆ ಓದ್ತಾವ್ಳೆ” ಎಂದನಂತೆ.

ನೋಟ್‌ಬುಕ್ಕು ಅರ್ಧ ತುಂಬುವ ಹೊತ್ತಿಗೆ ದಾವಣಗೆರೆಯ ಕಡೆ ನೆಂಟರ ಮದುವೆ ಬಂತು. ನಾಲ್ಕು ದಿನ ಅಲ್ಲಿದ್ದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಂಜು ಎಂದು ಅಜ್ಜಿ ಓಡಿಸಿದ್ದ ಬದನೆಕಾಯಿಯನ್ನು ಅಪ್ಪ ಅಲ್ಲಿ ಎರಡೆರಡು ಸಲ ಹಾಕಿಸಿಕೊಂಡ. ನಾಲ್ಕೂ ದಿನ ಬೆನ್ನು ಕೆರೆಯ ನೀರಿನಂತೆ ನುಣ್ಣಗಿತ್ತು. ‘ಬೆನ್ನು ಸೊನ್ನೆ, ಕತ್ತು ಸೊನ್ನೆ’ ಎಂದು ಬರೆದು ಬರೆದು ನನಗೇ ನಿರಾಸೆಯಾಯಿತು. ಊರಿಗೆ ಬಂದು ಮೊದಲ ಊಟ ಮಾಡಿದ್ದೇ ತಡ, ಹದಿನಾರು.

ಡಾಕ್ಟರು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದರು. “ಅಲ್ಲಿಲ್ಲದ್ದು ಇಲ್ಲಿ ಏನು ತಿಂತೀರಿ?” ಎಂದು ಕೇಳಿದರು. ಅಪ್ಪ ಯೋಚಿಸುತ್ತಿದ್ದ. ನಾನು ಬಾಯಿ ತಡೆಯಲಾರದೆ “ಕಾಯಿ” ಎಂದೆ.

ಡಾಕ್ಟರು ತಲೆಯಾಡಿಸಿದರು. ಅಪ್ಪ ಕುರ್ಚಿಯಿಂದ ಎದ್ದ.

“ಡಾಕ್ಟ್ರೇ, ತೆಂಗಿನಕಾಯಿ ಒಗ್ಗಲ್ಲ ಅಂತೀರಾ? ನಂಗೆ?”

“ಒಗ್ಗಲ್ಲ ಅಂತ ನಾನು ಹೇಳ್ತಿಲ್ಲ ಕಣ್ರೀ. ನಿಮ್ಮ ಬೆನ್ನು ಹೇಳ್ತಿದೆ. ಇದಕ್ಕೆ ಅಲರ್ಜಿ ಅಂತಾರೆ.”

“ಇಷ್ಟ್ ವರ್ಷ ತಿಂದಿವ್ನಿ.”

“ಇಷ್ಟು ವರ್ಷ ತಿಂದದ್ದಕ್ಕೇ ಈಗ ಸಾಕು ಅಂತಿದೆ ಮೈ. ಕಾಯಿ, ಕೊಬ್ಬರಿ, ಕೊಬ್ಬರಿ ಎಣ್ಣೆ, ಮೂರೂ ಬಿಡಿ. ಮಾಡುವಾಗ ಸೌಟು ಪಾತ್ರೆನೂ ಬೇರೆ ಇರಲಿ.”

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಆಚೆ ಸಾಲು ಸಾಲು ತೆಂಗಿನ ತೋಟಗಳು. ಅಪ್ಪ ಅವುಗಳ ಕಡೆ ನೋಡಲಿಲ್ಲ. ಊರು ಬರುವ ಮುಂಚೆ ನನ್ನ ಕೈ ಹಿಡಿದು ಹೇಳಿದ: “ಈ ಮಾತು ಮನೇಲಿ ಆಡ್ಬ್ಯಾಡ ಕಣವ್ವ. ಕಾಯಿ ಗಂಗಾಧರಯ್ಯಂಗೆ ಕಾಯಿ ಒಗ್ಗಲ್ಲ ಅಂತ ಗೊತ್ತಾದ್ರೆ, ಈ ಸೀಮೇಲಿ ನಾನ್ ತಲೆ ಎತ್ಕಂಡ್ ತಿರುಗ್ದಂಗೆ.” ನಾನು ಆಣೆ ಮಾಡಿದೆ. ಮನೆಗೆ ಬಂದು ಕಾಲು ತೊಳೆಯುವ ಮುಂಚೆಯೇ ಅವ್ವನಿಗೆ ಹೇಳಿದೆ.

ಅವ್ವ ಆವತ್ತು ನಂಬಲಿಲ್ಲ, ನಂಬದಿರಲೂ ಇಲ್ಲ. ಆದರೆ ಅಪ್ಪ ಡಾಕ್ಟರ ಮಾತು ಸುಳ್ಳೆಂದು ತನಗೆ ತಾನೇ ತೋರಿಸಿಕೊಳ್ಳಬೇಕಾಗಿತ್ತು. ಮುಂದಿನ ಭಾನುವಾರ ಒತ್ತುಶಾವಿಗೆ ಮಾಡಿಸಿ, ಮೂರು ಬಟ್ಟಲು ಕಾಯಿಹಾಲು ಸುರಿದುಕೊಂಡು ಉಂಡ. ಅರ್ಧ ಗಂಟೆಯೊಳಗೆ ತುಟಿ ಊದಿತು, ಕಣ್ಣು ಮುಚ್ಚಿಹೋದವು, ಮಾತು ಗೊರಗೊರ ಅನ್ನತೊಡಗಿತು. ಏನೋ ಹೇಳಲು ಕೈಯೆತ್ತಿದ, ದನಿಯೇ ಬರಲಿಲ್ಲ. ನಾನು ಅಪ್ಪನನ್ನು ಹಾಗೆ ಎಂದೂ ನೋಡಿರಲಿಲ್ಲ. ನೋಟ್‌ಬುಕ್ಕು ಎಲ್ಲಿದೆ ಎಂಬುದೂ ಮರೆತುಹೋಯಿತು. ಪುಣ್ಯಕ್ಕೆ ಕಾಯಿ ತುಂಬಿದ ಲಾರಿಯೊಂದು ತಿಪಟೂರಿಗೆ ಹೊರಟಿತ್ತು. ಅದರಲ್ಲೇ ಕೂರಿಸಿಕೊಂಡು ಹೋದರು. ಬಸ್ಸಿನ ಹೊಗೆ ಒಗ್ಗದ ಅವ್ವ ಲಾರಿಯಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಇಂಜೆಕ್ಷನ್ ಕೊಟ್ಟ ಡಾಕ್ಟರು ಅಪ್ಪನಿಗೆ ಏನೂ ಹೇಳಲಿಲ್ಲ. ಅವ್ವನನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಸಲ ಹೀಗಾದರೆ ಗಂಟಲು ಕಟ್ಟಿಬಿಡಬಹುದು ತಾಯಿ. ನಿಮ್ಮ ಕೈಲಿದೆ” ಎಂದರು.

ಊರಿನಲ್ಲಿ ಜೇನು ಕಚ್ಚಿತು ಎಂದು ಸುದ್ದಿ ಹಬ್ಬಿಸಿದ್ದಾಯಿತು. ಅಪ್ಪ ಮನೆಗೆ ಬಂದ ಮೇಲೂ ಕಾಯಿ ಬಿಡುತ್ತೇನೆ ಎನ್ನಲಿಲ್ಲ. “ಶಾವಿಗೆ ಅಕ್ಕಿ ಹಳೇದು” ಎಂದಷ್ಟೇ ಹೇಳಿದ. ಅವ್ವ ವಾದ ಮಾಡಲಿಲ್ಲ. ಅಂದು ಸಂಜೆ ಅಜ್ಜಿಯನ್ನೂ ನನ್ನನ್ನೂ ಅಡುಗೆ ಮನೆಗೆ ಕರೆದು ಬಾಗಿಲು ಮುಂದೆ ಮಾಡಿ, “ಇವತ್ತಿಂದ ಈ ಒಲೆ ಹತ್ರ ಕಾಯಿ ಬರಕೂಡ್ದು. ಅವ್ರಿಗೂ ಗೊತ್ತಾಗಕೂಡ್ದು” ಎಂದಳು.

ನೀವೇ ಹೇಳಿ, ತಲೆಯ ಮೇಲಿನ ಅಟ್ಟದಲ್ಲಿ ಸಾವಿರಾರು ಕಾಯಿ ಒಣಗುತ್ತಿರುವ ಮನೆಯಲ್ಲಿ ಕಾಯಿಯಿಲ್ಲದ ಅಡುಗೆ ಮಾಡಿ, ಅದನ್ನು ಕಾಯಿಯ ಅಡುಗೆ ಎಂದು ನಂಬಿಸುವುದು ಸುಲಭವೇ? ಅವ್ವ ಹುರಿಗಡಲೆ ಹಾಕಿ ಚಟ್ನಿ ಅರೆದಳು, ಬೆಳ್ಳಗಾಗಲಿ ಎಂದು ಎರಡು ಚಮಚ ಹಾಲು ಬೆರೆಸಿದಳು. ಸಾರಿಗೆ ಹುಚ್ಚೆಳ್ಳು, ಹೋಳಿಗೆ ಜೊತೆಗೆ ಗಸಗಸೆ ಹಾಲು. ತಲೆಗೆ ಕೊಬ್ಬರಿ ಎಣ್ಣೆಯ ಬದಲು ಹರಳೆಣ್ಣೆ. ಕಣ್ಣಿಗೆ ತಂಪು ಎಂದು ನೆಪ. ಎಲ್ಲರಿಗೂ ಅದೇ ಅಡುಗೆ, ಸೌಟು ಬದಲಾಗುವ ಭಯವೇ ಬೇಡ ಎಂದು. ದೇವಸ್ಥಾನದಲ್ಲಿ ಅಪ್ಪನ ಕೈಗೆ ಬಿದ್ದ ಕಾಯಿಚೂರನ್ನು ಬಾಯಿಗೆ ಹೋಗುವ ಮುಂಚೆ ಕಿತ್ತುಕೊಳ್ಳುವುದು ನನ್ನ ಕೆಲಸ. ಹದಿಮೂರು ವರ್ಷದ ಹುಡುಗಿ ಪ್ರಸಾದಕ್ಕೆ ಹಾಗೆ ಬೀಳುವುದನ್ನು ನೋಡಿ ಪೂಜಾರಪ್ಪನವರು “ಮನೇಲಿ ಊಟಕ್ಕಿಕ್ತಾರಾ ಮಗು?” ಎಂದು ಕೇಳಿದ್ದರು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಸದ್ದು. ಊಟಕ್ಕೆ ಮುಂಚೆ ಜಗಲಿಯಲ್ಲಿ ಕೂತ ಅಪ್ಪನಿಗೆ ಒಳಗಿಂದ ತುರಿಮಣೆಯ ಸದ್ದು ಕೇಳದಿದ್ದರೆ ಅನುಮಾನ ಬರುತ್ತದಲ್ಲ? ಅದನ್ನು ಅಜ್ಜಿ ವಹಿಸಿಕೊಂಡಳು. ದಿನವೂ ಬೆಳಿಗ್ಗೆ ಮಣೆಯ ಮೇಲೆ ಕೂತು, ಬರೀ ಕರಟವನ್ನು ಹಿಡಿದು ಕರಕರ ತುರಿಯುತ್ತಿದ್ದಳು. ನಮ್ಮ ಹಲ್ಲೆಲ್ಲ ಜುಂ ಎನ್ನುತ್ತಿತ್ತು. ಅಜ್ಜಿಗೆ ಆ ಬಾಧೆ ಇರಲಿಲ್ಲ, ಅವಳಿಗೆ ಹಲ್ಲೇ ಇರಲಿಲ್ಲ. ಆದರೆ ಕಾಯಿಯ ಆಸೆ ಇತ್ತು. ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ, ತುರಿದ ಕಾಯಿಗೆ ಬೆಲ್ಲ ಕಲೆಸಿಕೊಂಡು ತಿಂದು, ಬೀಡಿ ಸೇದಿ ಬಂದ ಹುಡುಗರ ಹಾಗೆ ಬಾಯಿ ಮುಕ್ಕಳಿಸಿಕೊಂಡು ಹಿತ್ತಿಲ ಬಾಗಿಲಿಂದ ಬರುತ್ತಿದ್ದಳು.

ಅಪ್ಪನ ಬೆನ್ನು ನುಣ್ಣಗಾಯಿತು. ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. ಕಡಲೆ ಚಟ್ನಿ ಸ್ವಲ್ಪ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ, “ಇದು ಬಾವಿ ಮರದ ಕಾಯಿ” ಅನ್ನುತ್ತಿದ್ದ. “ಹೌದು ಕಣ್ರೀ” ಎಂದು ಅವ್ವ. “ಸಿಹಿ ನೋಡು. ನೀರು ಕುಡ್ದು ಬೆಳ್ದ ಮರ.” ಇನ್ನೊಂದು ದಿನ, “ಇದ್ಯಾಕೋ ಮೊಂಡಯ್ಯನ ಥರ ಐತೆ.” ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದು ಹೋಗುತ್ತಿದ್ದಳು. ನನಗೆ ಅಪ್ಪನ ಮೇಲೆ ಇದ್ದ ಭಕ್ತಿಯೆಲ್ಲ ಆ ಮೂರು ತಿಂಗಳಲ್ಲಿ ಕರಗಿತು. ಹುರಿಗಡಲೆಗೆ ಮರದ ಹೆಸರು ಹೇಳುವವರನ್ನು ಎಷ್ಟು ದಿನ ಗೌರವಿಸಲಿಕ್ಕಾಗುತ್ತದೆ?

ಹೀಗಿರುವಾಗ ಕಂದಿಕೆರೆಯಿಂದ ಬಸವರಾಜು ಮಾವ ಬಂದ. ಅವ್ವನ ತಮ್ಮ. ಕಂದಿಕೆರೆಯ ಕಾಯಿಯ ಮುಂದೆ ಹೊನ್ನವಳ್ಳಿ ಕಾಯಿ ಏನೂ ಅಲ್ಲ ಎನ್ನುವುದು ಅವನ ವಾದ; ಅಪ್ಪನ ನಾಲಿಗೆ ಬರೀ ನಾಟಕ ಎನ್ನುವುದು ಅವನ ಅನುಮಾನ. ಬಂದವನೇ ಅಡುಗೆ ಮನೆಗೆ ನುಗ್ಗಿ ಚೀಲದಿಂದ ಒಂದು ಕಾಯಿ ತೆಗೆದು ಅವ್ವನ ಕೈಯಲ್ಲಿಟ್ಟ.

“ಅಕ್ಕ, ಇದು ನಮ್ ತೋಟದ್ದು. ಇದ್ರಲ್ಲೇ ಚಟ್ನಿ ಅರಿ. ಭಾವ ಇದ್ನೂ ಬಾವಿ ಮರದ್ದೇ ಅಂತಾರೆ, ನೋಡ್ತಿರು. ಸಾಕ್ಷಿಗೆ ಇಬ್ರುನ್ನ ಊಟಕ್ಕೆ ಕರ್ದಿವ್ನಿ.”

ಅವ್ವ ಏನು ಹೇಳಿಯಾಳು? ಗುಟ್ಟು ಹೇಳಿದರೆ ಗಂಡನ ಮಾನ ಸಾಯಂಕಾಲದೊಳಗೆ ಕಂದಿಕೆರೆ ಸೇರುತ್ತದೆ. ಹಿತ್ತಿಲ ಒರಳಿನಲ್ಲಿ ತಮ್ಮನ ಕಾಯಿಯ ಚಟ್ನಿ ಅರೆದು ಹಿತ್ತಾಳೆ ಬಟ್ಟಲಿಗೆ ಹಾಕಿದಳು, ಅದು ಅತಿಥಿಗಳಿಗೆ. ಒಳಗಿನ ಒರಳಿನಲ್ಲಿ ಕಡಲೆಯದನ್ನು ಅರೆದು ಸ್ಟೀಲ್ ಬಟ್ಟಲಿಗೆ ಹಾಕಿದಳು, ಅದು ಅಪ್ಪನಿಗೆ. ಬಡಿಸುವುದಕ್ಕೆ ನಾನು. “ಬಟ್ಟಲು ಅದಲು ಬದಲು ಮಾಡ್ಬ್ಯಾಡ” ಎಂದಳು. ನಾನು ‘ಹಿತ್ತಾಳೆ ಅತಿಥಿಗೆ, ಸ್ಟೀಲ್ ಅಪ್ಪಂಗೆ’ ಎಂದು ಬಾಯಿಪಾಠ ಮಾಡಿಕೊಂಡೆ.

ಅಪ್ಪ, ಮಾವ, ಸಾಕ್ಷಿಯ ಇಬ್ಬರು ನೆರೆಯವರು ಸಾಲಾಗಿ ಕೂತರು. ನಾನು ಮೊದಲು ಹಿತ್ತಾಳೆ ಬಟ್ಟಲು ಹಿಡಿದು ನೆರೆಯವರಿಗೆ ಬಡಿಸಿದೆ, ಮಾವನಿಗೆ ಬಡಿಸಿದೆ. ಅಪ್ಪನ ಎಲೆಯ ಮುಂದೆ ಬಟ್ಟಲು ಬದಲಿಸಲು ತಿರುಗಿದ್ದೇ ತಡ, ಮಾವ ಎದ್ದು ಹಿತ್ತಾಳೆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡ. “ಭಾವಂಗೆ ನಾನೇ ಬಡಿಸ್ತೀನಿ ಬುಡು” ಎಂದು ದೊಡ್ಡ ಸೌಟಿನಲ್ಲಿ ಅಪ್ಪನ ಎಲೆಗೆ ಹಾಕಿಯೇಬಿಟ್ಟ.

ಬಾಗಿಲ ಹತ್ತಿರ ಅವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಣ್ಣ ಮುಂದೆ ಆವತ್ತಿನ ಊದಿದ ಮುಖ ಬಂತು. ಮಾನ ಹೋದರೆ ಹೋಗಲಿ ಎಂದು ಅವ್ವ ಒಂದು ಹೆಜ್ಜೆ ಮುಂದಿಟ್ಟು, “ರೀ” ಎಂದಳು.

ಅಪ್ಪ ಎಡಗೈ ಎತ್ತಿ ಅವಳನ್ನು ತಡೆದ. ಬಲಗೈಯ ಎರಡು ಬೆರಳಿನಲ್ಲಿ ಚಟ್ನಿ ತೆಗೆದುಕೊಂಡು ಮೂಗಿನ ಹತ್ತಿರ ತಂದ. ಕಣ್ಣು ಮುಚ್ಚಿದ. ಮತ್ತೆ ಎಲೆಯ ತುದಿಗೆ ಒರೆಸಿದ.

“ಇದು ನಮ್ ತೋಟದ ಕಾಯಲ್ಲ” ಎಂದ.

ಮಾವನ ಬಾಯಿ ತೆರೆದೇ ಇತ್ತು. “ತಿಂದೇ ಇಲ್ವಲ್ಲ ಭಾವ?”

“ಇಂಥ ಕಾಯ್ನ ತಿಂದ್ ಬ್ಯಾರೆ ನೋಡ್ಬೇಕೇನ್ಲಾ ಬಸವರಾಜ? ಕಂದಿಕೆರೇದು. ವಾಸ್ನೇನೇ ಸಾಕು” ಎಂದ ಅಪ್ಪ, ಕೈ ತೊಳೆದು, ಎಲೆ ಬದಲಿಸುವಂತೆ ಹೇಳಿದ. ಆಮೇಲೆ ನನ್ನ ಕಡೆ ನೋಡಿ, “ನಂಗೆ ಆ ಸ್ಟೀಲ್ ಬಟ್ಟಲಿಂದು ಹಾಕವ್ವ” ಎಂದ.

ಸಾಕ್ಷಿಗಳು ಅಲ್ಲೇ ಕೈಮುಗಿದರು. ಮಾವ ಉಂಡದ್ದು ಅಷ್ಟಕ್ಕಷ್ಟೆ. ಬಸ್ಸು ಹತ್ತುವವರೆಗೂ “ಮೂಸಿ ಹೇಳ್ಬುಟ್ರಲ್ಲ” ಎಂದು ಗೊಣಗುತ್ತಿದ್ದ. ಅಪ್ಪನ ಕೀರ್ತಿಯನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲೆಲ್ಲ ಹಬ್ಬಿಸಿದವನು ಅವನೇ.

ಎಲ್ಲರೂ ಹೋದ ಮೇಲೆ ಅವ್ವ ಅಪ್ಪನ ಎದುರಿಗೆ ಬಂದು ಕೂತಳು. “ಹೆಂಗೆ ಗೊತ್ತಾಯ್ತು?” ಎಂದು ಕೇಳಿದಳು.

ಅಪ್ಪ ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತಿದ್ದ. “ಮೂರು ತಿಂಗಳಿಂದ ನಮ್ಮನೇಲಿ ಕಾಯಿ ವಾಸ್ನೇನೇ ಇಲ್ಲ. ಇವತ್ತು ಚಟ್ನೀಲಿ ಕಾಯಿ ಐತೆ ಅಂದ್ಮೇಲೆ, ಅದು ಹೊರಗಿಂದ ಬಂದಿರ್ಬೇಕು ತಾನೆ? ಇವತ್ತು ಹೊರಗಿಂದ ಚೀಲ ಹಿಡ್ದು ಬಂದಿರೋನು ನಿನ್ ತಮ್ಮ ಒಬ್ನೇ.”

“ಅಂದ್ರೆ, ಕಡಲೆ ಅಂತ ಗೊತ್ತಿತ್ತಾ?”

“ಮೊದಲ್ನೇ ದಿನಾನೇ.”

“ಮತ್ತೆ ದಿನಾ ಬಾವಿ ಮರ, ಮೊಂಡಯ್ಯ ಅಂತಿದ್ರಲ್ಲ?”

ಅಪ್ಪ ಸುಣ್ಣ ಹಚ್ಚಿದ ಎಲೆಯನ್ನು ಮಡಿಸಿದ. “ನೀನು ಅಷ್ಟ್ ಕಷ್ಟಪಟ್ಟು ಮಾಡಿರ್ತೀಯ. ಯಾವ್ದಾದ್ರೂ ಒಂದ್ ಮರದ ಹೆಸರು ಹೇಳ್ಬೇಕಲ್ಲ ಕಣೇ” ಎಂದ.

ಅವ್ವ ಕರಗಿದಳು ಎಂದು ನೀವು ಎಣಿಸಿದರೆ ತಪ್ಪು. ಎರಡು ದಿನ ಅಪ್ಪನ ಜೊತೆ ಮಾತೇ ಬಿಟ್ಟಳು. ಅಜ್ಜಿಯಂತೂ ಮೂರು ತಿಂಗಳು ತಾನು ಸುಮ್ಮನೆ ಬರೀ ಕರಟ ತುರಿದೆನಲ್ಲ ಎಂದು ಅಪ್ಪನನ್ನು ಬೈದು ಬೈದು ಸುಸ್ತಾದಳು. ಮೂರನೆಯ ದಿನ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದಾಗಲೇ ಅವ್ವ ತಟ್ಟೆ ತಂದು ಅಪ್ಪನ ಮುಂದಿಟ್ಟು, ಎಲ್ಲರಿಗೂ ಕೇಳುವ ಹಾಗೆ, “ಇದು ಕಡಲೆ ಚಟ್ನಿ” ಎಂದಳು.

ಜಗಲಿಯವರು ಅಪ್ಪನ ಮುಖ ನೋಡಿದರು. ಅಪ್ಪ ಅವ್ವನ ಮುಖ ನೋಡಿದ. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

“ಗೊತ್ತು. ಇನ್ನೊಂಚೂರು ಹಾಕು” ಎಂದ.